ಶವಯಾತ್ರೆಗೆ ಅಡ್ಡಿ

ಪೆಟಿಗ್ರೂ ಕೌಂಟಿ ಕೋರ್ಟಿನ ನೆಲಮಾಳಿಗೆಯಲ್ಲಿ ಎರಡು ಕಿಟಕಿಗಳಿದ್ದವು. ಒಂದರಲ್ಲಿ ದಂಡ ಕಟ್ಟಿಸಿಕೊಳ್ಳುತ್ತಿದ್ದರು, ಇನ್ನೊಂದರಲ್ಲಿ ಹಳೆಯ ಮೊಕದ್ದಮೆಗಳ ನಕಲು ಕೊಡುತ್ತಿದ್ದರು. ವೆಂಡೆಲ್ ಸ್ಪ್ರೇಬೆರಿಗೆ ಬೇಕಾಗಿದ್ದದ್ದು ನಕಲು. ಆದರೂ ಗೊತ್ತಿದ್ದೂ ಗೊತ್ತಿದ್ದೂ ದಂಡದ ಸಾಲಿಗೇ ಹೋಗಿ ನಿಂತಿದ್ದ. ಆ ಸಾಲಿನಲ್ಲಿ ನಿಲ್ಲುವುದರಲ್ಲಿ ಅಂಥ ಅವಮಾನವೇನಿಲ್ಲ. ವೇಗವಾಗಿ ಓಡಿಸಿ ಸಿಕ್ಕಿಬಿದ್ದವರು, ಬೆಲ್ಟು ಹಾಕಿಕೊಳ್ಳದವರು, ಹಿಂದಿನ ದೀಪ ಒಡೆದುಕೊಂಡು ತಿರುಗಿದವರು, ಎಲ್ಲರೂ ಪಂಕ್ತಿಯ ಊಟಕ್ಕೆ ಕಾದವರ ಹಾಗೆ ಹರಟುತ್ತಿದ್ದರು. ಮುಂದಿದ್ದವನೊಬ್ಬ ಹಿಂದೆ ತಿರುಗಿ, "ನಾನು ಆಮೆ ಥರ ಹೋಗ್ತಿದ್ದೆ ಸಾರ್, ಆ ಪೊಲೀಸಪ್ಪ ವಿಮಾನ ಅಂತ ಬರ್ಕೊಂಡವ್ನೆ," ಅಂದ. ವೆಂಡೆಲ್ ನಕ್ಕ. ನಕ್ಕು, "ಅವರ ಕಥೆ ಅಷ್ಟೇ ಬಿಡಿ," ಅಂತಲೂ ಸೇರಿಸಿದ. ಹೀಗೆ ತಾನೂ ಇವರಲ್ಲೊಬ್ಬ ಅಂತ ಸ್ವಲ್ಪ ಹೊತ್ತು ಅಂದುಕೊಳ್ಳುವುದರಲ್ಲಿ ಸುಖವಿತ್ತು. ಸರದಿ ಬಂದಾಗ ಒಳಗಿದ್ದ ಹುಡುಗಿ ಅವನ ಕೈಯಲ್ಲಿದ್ದ ಕಾಗದ ನೋಡಿ, "ಅಯ್ಯೋ, ಇದಕ್ಕೆ ಆ ಕಿಟಕಿ ಸಾರ್. ಮೇಲೆ ಅಷ್ಟು ದೊಡ್ಡದಾಗಿ ಬರೆದಿದ್ಯಲ್ಲಾ," ಅಂದಳು. ಜೊತೆಗಿದ್ದವರೆಲ್ಲ ಅಯ್ಯೋ ಪಾಪ ಅನ್ನುವ ಹಾಗೆ ದಾರಿ ಬಿಟ್ಟರು. ಆ ಸಾಲಿನಿಂದ ಈ ಸಾಲಿಗೆ ನಡೆಯುವಾಗ ಎಲ್ಲರೂ ತನ್ನ ಬೆನ್ನನ್ನೇ ನೋಡುತ್ತಿದ್ದಾರೆ ಅಂತ ಅವನಿಗೆ ಖಾತ್ರಿಯಾಗಿತ್ತು. ಯಾರೂ ನೋಡುತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅವನದು.

ಕೆಲಸ ಸಿಕ್ಕಿತ್ತು, ಅದೇ ತೊಂದರೆ. ಕಾಲುಚೀಲದ ಕಾರ್ಖಾನೆ ಮುಚ್ಚಿದ ಮೇಲೆ ವೆಂಡೆಲ್ ಅಲ್ಲಿ ಇಲ್ಲಿ ಅಂತ ಮಾಡಿದ್ದೆಲ್ಲ ಕೂಲಿಯೇ. ಕಾರ್ಖಾನೆಯಲ್ಲಿ ಒಂದು ಪಾಳಿಯ ಅಷ್ಟೂ ಜನ ಅವನ ಮಾತಿಗೆ ಕಾಯುತ್ತಿದ್ದರು, ಆಮೇಲೆ ಅವನೇ ಮಾತಿಗೆ ಕಾಯುವವನಾದ. ಈಗ ವಯಸ್ಸಾದವರನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಿ ಬರುವ ವ್ಯಾನಿಗೆ ಡ್ರೈವರ್ ಬೇಕಾಗಿತ್ತು, ಸಂದರ್ಶನದಲ್ಲಿ ಅವನ ತಾಳ್ಮೆಯ ಮುಖ ನೋಡಿಯೇ ಒಪ್ಪಿಕೊಂಡಿದ್ದರು. ಆಮೇಲೆ ಬಂತು ಪತ್ರ: ನಿಮ್ಮ ಹೆಸರಿನಲ್ಲಿ ಪೆಟಿಗ್ರೂ ಕೌಂಟಿಯಲ್ಲಿ ಒಂದು ಸಂಚಾರಿ ಮೊಕದ್ದಮೆ ಕಾಣುತ್ತಿದೆ, ಅದು ಏನಾಯಿತೆಂಬ ಬಗ್ಗೆ ಕೋರ್ಟಿನ ಮೊಹರಿರುವ ನಕಲನ್ನು ಶುಕ್ರವಾರದೊಳಗೆ ತಂದುಕೊಡಿ, ಇಲ್ಲವಾದರೆ ಮುಂದಿನವರನ್ನು ಕರೆಯುತ್ತೇವೆ. ಹೆಂಡತಿ ಜೋನೆಲ್ ಅದನ್ನು ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿದ್ದಳು. "ಪೆಟಿಗ್ರೂನಾ? ಅಲ್ಲಿಗ್ಯಾಕೆ ಹೋಗಿದ್ರಿ ನೀವು?" ಅಂದಳು. ವೇಗ ಜಾಸ್ತಿ ಆಗಿತ್ತು ಅಂತ ಅವನು ಹೇಳಿದ. "ನೀವಾ? ವೇಗಾನಾ?" ಅಂತ ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಎಷ್ಟೋ ದಿನದ ಮೇಲೆ ಅವಳು ಹಾಗೆ ನಕ್ಕಿದ್ದು. ಆ ನಗುವಿನಲ್ಲಿ ಗಂಡನ ಬಗ್ಗೆ ಸ್ವಲ್ಪ ಹೆಮ್ಮೆ ಕೂಡ ಇತ್ತು. ಅದನ್ನು ಕೆಡಿಸಲು ಅವನಿಗೆ ಧೈರ್ಯ ಬರಲಿಲ್ಲ.

ಮೊದಲು ಊರಿನ ಗ್ರಂಥಾಲಯದ ಕಂಪ್ಯೂಟರಿನಲ್ಲಿ ನೋಡಿದ್ದ, ಮನುಷ್ಯರ ಮುಖ ನೋಡದೇ ಕೆಲಸ ಆಗುವುದಾದರೆ ಆಗಲಿ ಅಂತ. ಹೆಸರು, ಹುಟ್ಟಿದ ದಿನ ಹಾಕಿದರೆ ಮೊಕದ್ದಮೆ ಕಾಣಿಸಿತು, ಅದರ ಮುಂದೆ ಮುಗಿದಿದೆ ಅಂತಷ್ಟೇ ಇತ್ತು. ಏನು ಅಪರಾಧ ಅಂತಲೂ ಇರಲಿಲ್ಲ. ಅವನಿಗೆ ಜೀವ ಬಂದ ಹಾಗಾಗಿ ಅದನ್ನೇ ಅಚ್ಚು ಹಾಕಿಸಿಕೊಂಡು ವ್ಯಾನಿನ ಕಚೇರಿಗೆ ಓಡಿದ. ಅಲ್ಲಿದ್ದವಳು, "ಇದು ನಡೆಯಲ್ಲಪ್ಪಾ, ಇದನ್ನ ನಾನೂ ಮನೇಲಿ ಕೂತು ಮಾಡಬಹುದು. ಮೊಹರು ಬೇಕು, ಬೆರಳಲ್ಲಿ ಸವರಿದ್ರೆ ಕೈಗೆ ಸಿಗಬೇಕು," ಅಂದಳು. ಅಂಚೆಯಲ್ಲಿ ತರಿಸಬಹುದಿತ್ತು, ತನ್ನದೇ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆ ಕಳಿಸಿದರೆ ಅವರೇ ಅದರಲ್ಲಿಟ್ಟು ವಾಪಸು ಕಳಿಸುತ್ತಾರೆ. ಆದರೆ ಶುಕ್ರವಾರಕ್ಕೆ ಅದು ಬರುವುದಿಲ್ಲ. ಹಾಗಾಗಿ ಜೋನೆಲ್ ಇಸ್ತ್ರಿ ಮಾಡಿಕೊಟ್ಟ ಅಂಗಿ ಹಾಕಿಕೊಂಡು, ಆರು ವರ್ಷದಿಂದ ಸುತ್ತಿ ಬಳಸಿ ತಪ್ಪಿಸಿಕೊಂಡು ಓಡಾಡಿದ ಅದೇ ಹೆದ್ದಾರಿಯಲ್ಲಿ, ಅದೇ ಮೇವಿನ ಅಂಗಡಿಯ ಪಕ್ಕದ ಸಿಗ್ನಲ್ ದಾಟಿ ಬಂದಿದ್ದ. ಸಿಗ್ನಲ್ ಹಸಿರಿದ್ದರೂ ಅವನು ನಿಧಾನ ಮಾಡಿದ, ಹಿಂದಿನ ಲಾರಿಯವನು ಹಾರನ್ ಬಾರಿಸಿದ.

ಆವತ್ತು ಅದು ಕೆಂಪಿತ್ತು. ಮಳೆ ಹುಯ್ಯುತ್ತಿತ್ತು, ಎಲ್ಲರ ಕಾರಿನ ದೀಪಗಳೂ ಉರಿಯುತ್ತಿದ್ದವು. ಸಿಗ್ನಲ್ ಹತ್ತಿರ ಪೊಲೀಸಿನವನೊಬ್ಬ ಮಳೆಯಂಗಿ ತೊಟ್ಟು ಅಡ್ಡ ರಸ್ತೆಯ ವಾಹನಗಳನ್ನು ನಿಲ್ಲಿಸಿಕೊಂಡಿದ್ದ. ಶವದ ವಾಹನ ಆಗಲೇ ಮುಂದೆ ಹೋಗಿತ್ತು, ಅದರ ಹಿಂದೆ ದೀಪ ಹಚ್ಚಿಕೊಂಡ ಕಾರುಗಳ ಸಾಲು, ಶವಯಾತ್ರೆಯ ಕಾರುಗಳಿಗೆ ಅದೇ ಗುರುತು. ಸಾಲಿನಲ್ಲಿ ಯಾರೋ ಮುದುಕ ಮೆಲ್ಲಗೆ ಬರುತ್ತಿದ್ದನೋ ಏನೋ, ನಡುವೆ ದೊಡ್ಡ ಖಾಲಿ ಬಿದ್ದಿತ್ತು. ವೆಂಡೆಲ್ ಆ ಖಾಲಿಯ ಎದುರಿಗೆ ನಿಂತಿದ್ದ, ಅವನ ಕಾರಿನ ದೀಪವೂ ಉರಿಯುತ್ತಿತ್ತು. ಪೊಲೀಸಿನವನು ಇವನೂ ಸಾವಿನ ಮನೆಯವನೇ ಅಂದುಕೊಂಡು, ಬಾ ಬಾ, ನುಗ್ಗು, ಅಂತ ಕೈ ಮಾಡಿದ. ಇಲ್ಲ ಅಂತ ತಲೆಯಾಡಿಸಬಹುದಿತ್ತು. ಆದರೆ ಕರೆದಾಗ ಹೋಗದಿದ್ದರೆ ಏನಂದುಕೊಳ್ಳುತ್ತಾರೋ ಅನ್ನುವುದು ಅವನ ಹುಟ್ಟುಗುಣ. ನುಗ್ಗಿದ. ಆಮೇಲಿನ ಸಂಗತಿಯನ್ನು ಅವನು ತನಗೆ ತಾನೇ ಒಪ್ಪಿಕೊಳ್ಳಲು ಬಹಳ ದಿನ ಬೇಕಾಯಿತು: ಅವನಿಗೆ ಅದು ಹಿತವಾಗಿತ್ತು. ಎದುರಿನಿಂದ ಬರುವ ಕಾರುಗಳೆಲ್ಲ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದವು. ದೊಡ್ಡ ದೊಡ್ಡ ಲಾರಿಗಳು ನಿಲ್ಲುತ್ತಿದ್ದವು. ಒಂದು ಲಾರಿಯ ಡ್ರೈವರ್ ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದ. ಕೆಂಪು ದೀಪಗಳೂ ಅವನನ್ನು ತಡೆಯಲಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಯಾರೂ ಅವನಿಗಾಗಿ ಒಂದು ಹೆಜ್ಜೆ ಸರಿದವರಿರಲಿಲ್ಲ, ಈಗ ರಸ್ತೆಗೆ ರಸ್ತೆಯೇ ಸರಿದು ಜಾಗ ಬಿಡುತ್ತಿತ್ತು. ಯಾರದೋ ಸಾವಿನ ಮರ್ಯಾದೆಯನ್ನು ಅವನು ಮೈತುಂಬ ಹೊದ್ದುಕೊಂಡು ಹೋದ.

"ಸಾರ್, ನಿಮ್ಮನ್ನೇ. ಬನ್ನಿ ಮುಂದೆ."

ದಾಖಲೆಯ ಕಿಟಕಿಯಲ್ಲಿ ಕುಳಿತಿದ್ದವಳು ನಲವತ್ತರ ಆಸುಪಾಸಿನ ಹೆಂಗಸು, ಕೊರಳಲ್ಲಿ ತೂಗುತ್ತಿದ್ದ ಚೀಟಿಯಲ್ಲಿ ಟ್ರೂಡಿ ಅಂತಿತ್ತು. ಗಾಜಿನ ನಡುವಿನ ಮೈಕು ಕೆಟ್ಟಿತ್ತು, ಅದರ ಮೇಲೆ 'ದಯವಿಟ್ಟು ಗಟ್ಟಿಯಾಗಿ ಮಾತಾಡಿ' ಅಂತ ಕಾಗದ ಅಂಟಿಸಿದ್ದರು. ಕಾಗದಪತ್ರ ಕೊಟ್ಟು ತೆಗೆದುಕೊಳ್ಳಲು ಗಾಜಿನ ಕೆಳಗೆ ಒಂದು ತಗ್ಗು ತಟ್ಟೆ. ವೆಂಡೆಲ್ ಮನೆಯಿಂದಲೇ ತುಂಬಿಸಿ ತಂದ ಅರ್ಜಿಯನ್ನು ಅದರಲ್ಲಿ ತಳ್ಳಿದ. ಪೊಲೀಸಿನವನು ಬರೆದುಕೊಟ್ಟ ಟಿಕೆಟಿನ ಸಂಖ್ಯೆ ಕೇಳಿದ್ದಲ್ಲಿ ಖಾಲಿ ಬಿಟ್ಟಿದ್ದ, ಅದರ ತನ್ನ ಪ್ರತಿಯನ್ನು ಅವನು ಆವತ್ತೇ ಒಲೆಗೆ ಹಾಕಿದ್ದ. ಯಾವ ಬಗೆಯ ಮೊಕದ್ದಮೆ ಅಂತ ಕೇಳಿದ್ದಲ್ಲಿ 'ಸಂಚಾರ' ಅಂತ ಸಣ್ಣದಾಗಿ ಬರೆದಿದ್ದ. ಟ್ರೂಡಿ ಕನ್ನಡಕದ ಮೇಲಿಂದ ಅರ್ಜಿ ನೋಡಿ, ಟಕಟಕ ಅಂತ ಬೆರಳಾಡಿಸಿ, "ವೆಂಡೆಲ್ ಸ್ಪ್ರೇಬೆರಿ... ಅಯ್ಯಯ್ಯೋ, ನಮ್ ಕೌಂಟೀಲಿ ಕಲ್ಲೆತ್ತಿದ್ರೆ ಒಬ್ಬ ಸ್ಪ್ರೇಬೆರಿ ಸಿಗ್ತಾನೆ ನೋಡಿ," ಅಂದಳು. "ನಿಮ್ದು ಯಾವ್ದು? ಕುಡಿದು ಓಡ್ಸಿದ್ದು ಒಂದಿದೆ."

"ಅಲ್ಲಮ್ಮಾ, ಅಲ್ಲ. ನಾನು ಕುಡಿಯೋದೇ ಇಲ್ಲ."

"ಹಾಗಂತ ಅವರೂ ಹೇಳಿದ್ರಂತೆ," ಅಂತ ಹಿಂದಿನಿಂದ ಯಾರೋ ಅಂದರು. ಸಾಲಿನಲ್ಲಿ ನಗು ಹರಿಯಿತು. ವೆಂಡೆಲ್ ತಿರುಗಿ ನೋಡಲಿಲ್ಲ. ಬೇಟೆಗೆ ಹೋಗುವವರ ಎಲೆಬಣ್ಣದ ಅಂಗಿ ತೊಟ್ಟ ದಪ್ಪ ಮನುಷ್ಯ ಅಂತ ಗಾಜಿನಲ್ಲೇ ಕಾಣುತ್ತಿತ್ತು.

"ಹಾಗಾದ್ರೆ ಅಪರಾಧ ಏನು ಅಂತ ಹೇಳ್ಬಿಡಿ, ಸುಲಭ ಆಗತ್ತೆ," ಅಂದಳು ಟ್ರೂಡಿ.

ಅವನು ಹೇಳಿದ.

"ಕೇಳಿಸ್ತಿಲ್ಲ ಸಾರ್. ಮೈಕು ಸತ್ತಿದೆ. ಮೇಲಿನೋರಿಗೆ ಹೇಳಿ ಹೇಳಿ ನನ್ ಗಂಟಲೂ ಸತ್ತೋಯ್ತು."

"ಶವಯಾತ್ರೆಗೆ ಅಡ್ಡಿ."

ಈ ಸಲ ಅದು ಬೇಕಾದ್ದಕ್ಕಿಂತ ಗಟ್ಟಿಯಾಗಿ ಬಂತು. ನೆಲಮಾಳಿಗೆಗೆಲ್ಲ ಕೇಳಿಸಿತು. ದಂಡದ ಸಾಲಿನಲ್ಲಿ ಆಮೆ ಥರ ಹೋಗುತ್ತಿದ್ದವನು ಕೂಡ ಈ ಕಡೆ ನೋಡಿದ. ನಗುತ್ತಾರೆ ಅಂತ ವೆಂಡೆಲ್ ಕಾದ, ಯಾರೂ ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು. ಈ ಕಡೆಯ ಜನ ಕುಡುಕನನ್ನು ಕ್ಷಮಿಸುತ್ತಾರೆ, ಹೆಂಡತಿ ಬಿಟ್ಟವನನ್ನೂ ಕ್ಷಮಿಸುತ್ತಾರೆ, ಹೆಣದ ಮೆರವಣಿಗೆ ಬಂದರೆ ಮಾತ್ರ ಎಂಥ ಅವಸರವಿದ್ದರೂ ಗಾಡಿ ಪಕ್ಕಕ್ಕೆ ಹಾಕುತ್ತಾರೆ, ಅದಕ್ಕೆ ಅಡ್ಡ ಬಂದವನನ್ನು ಕ್ಷಮಿಸುವುದಿಲ್ಲ. ಹೊಟ್ಟೆಯಲ್ಲಿರುವಾಗಲೇ ಕಲಿತುಬರುವ ಪಾಠ ಅದು. ಎಲೆಬಣ್ಣದ ಅಂಗಿಯವನು ಅರ್ಧ ಹೆಜ್ಜೆ ಹಿಂದೆ ಸರಿದದ್ದು ಗಾಜಿನಲ್ಲಿ ಕಂಡಿತು.

ಆವತ್ತು ವೆಂಡೆಲ್ ಅಡ್ಡಿ ಮಾಡಲು ಹೊರಟವನಲ್ಲ. ಅವನು ಹೊರಟದ್ದು ಎಲೆಕೋಸಿಗೆ. ಪೆಟಿಗ್ರೂವಿನ ಒಂದು ಚರ್ಚಿನ ಅಂಗಳದಲ್ಲಿ ಪ್ರತಿ ವಾರ ಇಲ್ಲದವರಿಗೆ ಆಹಾರ ಕೊಡುತ್ತಿದ್ದರು, ಕಾರಿನಿಂದ ಇಳಿಯುವುದೂ ಬೇಡ, ಡಿಕ್ಕಿ ತೆಗೆದರೆ ಸಾಕು, ಡಬ್ಬ ತಂದು ಒಳಗಿಡುತ್ತಾರೆ. ಅವನ ಊರಿನಲ್ಲೂ ಕೊಡುತ್ತಿದ್ದರು. ಆದರೆ ಅಲ್ಲಿ ಡಬ್ಬ ಇಡುವವರಲ್ಲಿ ಅರ್ಧ ಜನ ಅವನ ಕೈಕೆಳಗೆ ಕಾಲುಚೀಲ ಹೆಣೆದವರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಹಾಗೆ ಅವನು ಪಕ್ಕದ ಕೌಂಟಿಯಲ್ಲಿ ಬಡವನಾಗಲು ಹೊರಟಿದ್ದ. ಮೊದಲ ಸಲ. ಚರ್ಚಿನ ತಿರುವು ಬಂದಾಗ ಮೆರವಣಿಗೆ ನೇರ ಹೋಗುತ್ತಿತ್ತು, ಅವನು ಬಲಕ್ಕೆ ತಿರುಗಿದ. ಶವಯಾತ್ರೆಯಲ್ಲಿ ಮುಂದಿನ ಕಾರಿನ ಹಿಂದಿನ ದೀಪ ಬಿಟ್ಟು ಬೇರೇನನ್ನೂ ನೋಡಬಾರದು ಅಂತ ಶವಸಂಸ್ಕಾರದವರು ಹೊರಡುವ ಮೊದಲೇ ಎಲ್ಲರಿಗೂ ಹೇಳಿರುತ್ತಾರೆ. ಅವನ ಹಿಂದಿನ ಕಾರೂ ತಿರುಗಿತು. ಅದರ ಹಿಂದಿನದೂ. ಕುರಿಯ ಹಿಂದೆ ಕುರಿ ಅನ್ನುವ ಹಾಗೆ ಅರ್ಧಕ್ಕರ್ಧ ಮೆರವಣಿಗೆಯೇ ತಿರುಗಿತು. ಅವನು ಅದನ್ನು ನೋಡಿದ್ದು ಆಹಾರದ ಸಾಲಿನಲ್ಲಿ ನಿಂತ ಮೇಲೆ. ಮುಂದೆ ಕಾರುಗಳು, ಹಿಂದೆ ಕಪ್ಪು ಕೋಟಿನವರ ಕಾರುಗಳು, ಆಚೆ ಈಚೆ ಅಲ್ಲಾಡುವಂತಿರಲಿಲ್ಲ. ಎದುರಿಗೆ ಸಮಾಧಿಯ ಹತ್ತಿರ ಹಾಕುವಂಥದೇ ಹಸಿರು ಗುಡಾರ, ಎಡಗಡೆ ಚರ್ಚಿನ ಹಳೆಯ ಸಮಾಧಿಕಲ್ಲುಗಳು, ಮಳೆಯಲ್ಲಿ ಮೆಲ್ಲಗೆ ಓಡಾಡುವ ಹೆಂಗಸರು. ನೋಡಿದವರಿಗೆ ಅದು ಮಣ್ಣು ಮಾಡುವ ಜಾಗವೇ. ಹಿಂದಿನ ಕಾರಿನಿಂದ ಮುದುಕನೊಬ್ಬ ಇಳಿದು ಬಂದು ಅವನ ಕಿಟಕಿ ತಟ್ಟಿದ.

ಟ್ರೂಡಿ ತೆರೆಯನ್ನೇ ನೋಡುತ್ತಿದ್ದಳು. ಅವಳ ಬೆರಳುಗಳು ನಿಂತಿದ್ದವು. "ಇದು ಕ್ಯಾಲ್ವರಿ ಗುಡ್ಡದ ಚರ್ಚಿನ ಹತ್ರ ಆಗಿದ್ದು," ಅಂದಳು. ಅದು ಪ್ರಶ್ನೆಯಾಗಿರಲಿಲ್ಲ.

"ಹೌದಮ್ಮಾ."

"ಏಪ್ರಿಲ್ ತಿಂಗಳು. ಮಳೆ."

"ಹೌದು."

"ಇದು ನಮ್ಮ ಹಾರ್ಲನ್ ಮಾವನ ಸಾವು," ಅಂದಳು ಟ್ರೂಡಿ. "ನಮ್ಮಮ್ಮನ ದೊಡ್ಡಣ್ಣ. ಹಾರ್ಲನ್ ಹಕಬಿ."

ಹಾರ್ಲನ್ ಹಕಬಿ. ಆ ಹೆಸರನ್ನು ಅವನು ಆ ವಾರದ ಪತ್ರಿಕೆಯಲ್ಲಿ ಓದಿದ್ದ, ಓದಿ ಪತ್ರಿಕೆಯನ್ನು ಮಡಿಸಿ ಮೇಜಿನ ಕೆಳಗಿಟ್ಟಿದ್ದ. ಒಬ್ಬ ತಂಗಿ, ಒಬ್ಬ ತಮ್ಮನನ್ನು ಅಗಲಿದ್ದಾರೆ ಅಂತಿತ್ತು. ಭೂಮಿ ಬಾಯಿಬಿಡಬಾರದೇ ಅಂತ ಅವನಿಗೆ ಈಗ ನಿಜವಾಗಿ ಅನ್ನಿಸಿತು, ಆದರೆ ಅವನು ಆಗಲೇ ನೆಲಮಾಳಿಗೆಯಲ್ಲಿದ್ದ, ಅದಕ್ಕಿಂತ ಕೆಳಗೆ ಹೋಗಲು ಜಾಗವಿರಲಿಲ್ಲ. ಕ್ಷಮಿಸಿ ಅನ್ನಬೇಕು ಅಂತ ಬಾಯಿ ತೆರೆದ. ಆ ಹೊತ್ತಿನಲ್ಲೂ ಅವನ ತಲೆಯ ಒಂದು ಮೂಲೆ, ಇವಳು ಸಿಟ್ಟಾದರೆ ಮೊಹರು ಒತ್ತಿ ಕೊಡುತ್ತಾಳೋ ಇಲ್ಲವೋ, ಶುಕ್ರವಾರಕ್ಕೆ ಸಿಗುತ್ತದೋ ಇಲ್ಲವೋ ಅಂತ ಲೆಕ್ಕ ಹಾಕುತ್ತಿತ್ತು. ಅದು ಗೊತ್ತಾಗಿ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಹಾಗಾದ್ರೆ ಇದ್ರಿ ನೀವು," ಅಂದಳು ಟ್ರೂಡಿ. ಸಿಟ್ಟಿರಲಿಲ್ಲ, ಯಾರನ್ನೋ ಬಹಳ ದಿನ ಹುಡುಕಿ ಬಿಟ್ಟವಳ ದನಿ. "ನಿಜವಾಗ್ಲೂ ಒಬ್ರು ಇದ್ರಿ."

"ಅಂದ್ರೆ?"

"ಬರ್ಲ್ ಮಾವ, ಹಾರ್ಲನ್ ಮಾವನ ತಮ್ಮ, ಹೇಳ್ತಾನೇ ಇದ್ರು. ನನ್ ಮುಂದೆ ಒಂದು ಕಾರಿತ್ತು ಕಣ್ರೋ, ನಾನು ಅದರ ಹಿಂದೆ ಹೋದೆ ಅಷ್ಟೇ ಅಂತ. ಹಾರ್ಲನ್ ಮಾವಂಗೂ ಅವರಿಗೂ ಒಂದು ಬೇಟೆನಾಯಿ ವಿಷಯಕ್ಕೆ ಜಗಳ ಆಗಿ ಮಾತು ಬಿಟ್ಟಿದ್ರು. ಅಣ್ಣ ಸತ್ತ ಮೇಲೂ ಹಗೆ ತೀರಿಸ್ಕೊಂಡ, ಬೇಕು ಅಂತ್ಲೇ ಅರ್ಧ ಜನಾನ ದಾರಿ ತಪ್ಸಿ, ಬಿಟ್ಟಿ ಊಟದ ಸಾಲಲ್ಲಿ ನಿಲ್ಲಿಸ್ದ, ಅಣ್ಣ ನಮ್ಮನ್ನೆಲ್ಲಾ ತಿರುಕರು ಮಾಡಿ ಹೋದ ಅಂತ ಊರಿಗೆ ತೋರ್ಸೋಕೆ ಹಾಗೆ ಮಾಡ್ದ ಅಂದ್ರು ನಮ್ಮೋರು. ಹಿಂದಿದ್ದ ಕಾರಿನೋರಿಗೆಲ್ಲ ಕಂಡಿದ್ದು ಬರ್ಲ್ ಮಾವನ ಕಾರು ತಿರುಗಿದ್ದು ಮಾತ್ರ."

ಆವತ್ತು ಪೊಲೀಸಿನವನು ನೀಲಿ ದೀಪ ಹಾಕಿಕೊಂಡು ಹುಡುಕಿ ಬಂದಾಗ ಸಾಲಿನ ಅರ್ಧ ಕಾರುಗಳ ಡಿಕ್ಕಿ ತೆರೆದಿತ್ತು. ಚರ್ಚಿನ ಹೆಂಗಸರು ಯಾರನ್ನೂ ಏನೂ ಕೇಳುವ ಪದ್ಧತಿಯಿರಲಿಲ್ಲ, ಕೇಳಿದರೆ ಪಾಪ ನಾಚಿಕೊಳ್ಳುತ್ತಾರೆ ಅಂತ. ಕಪ್ಪು ಕೋಟು ತೊಟ್ಟು ಬಂದವರ ಡಿಕ್ಕಿಗೂ ಮಮತೆಯಿಂದ ಎಲೆಕೋಸು, ಕಡಲೆಬೀಜದ ಬೆಣ್ಣೆ, ಹುರುಳಿಕಾಯಿಯ ಡಬ್ಬ ಇಟ್ಟು, ದೇವರು ಒಳ್ಳೇದು ಮಾಡಲಿ ಅಂದಿದ್ದರು. "ಹೆಣ ಬಿಟ್ಟು ಕೋಸಿಗೆ ಹೊರಟ ಮೆರವಣಿಗೆ ಇದೇ ಮೊದ್ಲು ಕಣಯ್ಯ ನಾನು ನೋಡ್ತಿರೋದು," ಅಂದಿದ್ದ ಪೊಲೀಸಿನವನು. ಸಾವಿನ ಮನೆಯವರನ್ನೆಲ್ಲ ಮೊದಲು ಸ್ಮಶಾನದ ಕಡೆ ಓಡಿಸಿ, ಆಮೇಲೆ ಒಂಟಿಯಾಗಿ ಉಳಿದ ವೆಂಡೆಲ್‌ನ ಕೈಗೆ ಟಿಕೆಟ್ಟು ಬರೆದುಕೊಟ್ಟ. ಅಷ್ಟು ಹೊತ್ತಿಗೆ ಮಳೆಗೆ ಹೆದರಿ ಅಲ್ಲಿ ಮಣ್ಣು ಮುಚ್ಚಿ ಆಗಿತ್ತಂತೆ. ಟಿಕೆಟ್ಟಿನ ಹಿಂದೆ ಎರಡು ದಾರಿ ಕೊಟ್ಟಿದ್ದರು, ಇಂಥ ದಿನ ಕೋರ್ಟಿಗೆ ಬಂದು ಹೇಳುವುದಿದ್ದರೆ ಹೇಳು, ಇಲ್ಲವೇ ತಪ್ಪಾಯಿತು ಅಂತ ಸಹಿ ಹಾಕಿ ಒಂದು ಪ್ರತಿ ಅಂಚೆಗೆ ಹಾಕು. ಅವನು ಜೋನೆಲ್ ಮನೆಗೆ ಬರುವ ಮೊದಲೇ ಸಹಿ ಹಾಕಿ ಅಂಚೆಗೆ ಹಾಕಿದ್ದ. ಕೋಸನ್ನು ಅಂಗಡಿಯ ಚೀಲಕ್ಕೆ ಬದಲಾಯಿಸಿಟ್ಟಿದ್ದ. "ಒಳ್ಳೇ ಕೋಸು ತಂದಿದೀರಿ," ಅಂದಿದ್ದಳು ಅವಳು.

"ವಿಚಾರಣೆ ದಿನ ಯಾವ್ದು ಅಂತ ಅದೆಲ್ಲಿ ಕೇಳ್ಕೊಂಡಿದ್ರೋ, ಬರ್ಲ್ ಮಾವ ಬೆಳಿಗ್ಗೇನೇ ಬಂದು ಕೂತಿದ್ರು," ಅಂತ ಟ್ರೂಡಿ ಹೇಳುತ್ತಿದ್ದಳು. "ಮೇಲೆ ಮಹಡೀಲಿರೋ ಕೋರ್ಟಲ್ಲಿ. ಅವರನ್ನ ಯಾರೂ ಕರೆದಿರ್ಲಿಲ್ಲ. ಆ ಮನುಷ್ಯ ಬರ್ತಾನೆ, ಅವನ ಬಾಯಲ್ಲೇ ಹೇಳಿಸ್ತೀನಿ ಅಂತ. ಕೋರ್ಟು ಏಳೋ ತನಕ ಕೂತಿದ್ರು. ನೀವು ಬರ್ಲಿಲ್ಲ."

"ನಾನು ಅಂಚೇಲಿ... ನನಗೆ ಗೊತ್ತಿರ್ಲಿಲ್ಲಮ್ಮಾ."

"ನಾನು ಈ ಕುರ್ಚೀಲಿ ಕೂತು ಐದು ವರ್ಷ ಆಯ್ತು. ಎರಡು ಗುಂಡಿ ಒತ್ತಿದ್ರೆ ಸಿಕ್ತಿತ್ತು. ಯಾವೋನು ಬಂದು ಕೇಳಿದ್ರೂ ಕೊಡೋ ಕಾಗದ ಇದು, ಗುಟ್ಟೇನಿಲ್ಲ." ಅವಳು ಕನ್ನಡಕ ತೆಗೆದಳು. "ನೋಡ್ಬೇಡ ಕಣೇ ಅಂದ್ರು ಅಮ್ಮ. ಬರ್ಲಣ್ಣ ಸುಳ್ಳು ಹೇಳ್ತಿದ್ರೆ ನೋಡಿ ಏನು ಪ್ರಯೋಜನ, ನಿಜ ಹೇಳ್ತಿದ್ರೆ ಆಮೇಲೆ ಅವನ ಮುಖ ಹೆಂಗೆ ನೋಡೋದು ಅಂದ್ರು. ನಾನೂ ನೋಡ್ಲಿಲ್ಲ. ಬರ್ಲ್ ಮಾವ ಹೋದ ಮಾರ್ಚಲ್ಲಿ ತೀರ್ಕೊಂಡ್ರು."

ಹಿಂದಿನ ಸಾಲು ಬೆಳೆದಿತ್ತು. ಬೇಗ ಮಾಡಿ ಅಂತ ಯಾರೂ ಅನ್ನಲಿಲ್ಲ. ವೆಂಡೆಲ್‌ಗೆ ಇಷ್ಟಕ್ಕೆ ಮುಗಿಯಿತು ಅನ್ನಿಸಿತು. ಇಷ್ಟು ಸಾಕಲ್ಲ, ತಾನು ಇದ್ದದ್ದು ನಿಜ ಅಂತ ಕೋರ್ಟಿನ ಕಾಗದವೇ ಹೇಳಿತು, ಮುದುಕ ಸುಳ್ಳುಗಾರನಲ್ಲ ಅಂತಾಯಿತು, ಇನ್ನು ನಕಲು ತೆಗೆದುಕೊಂಡು ಹೋಗಬಹುದು. ಆದರೆ ಟ್ರೂಡಿ ಗಾಜಿನ ಹತ್ತಿರಕ್ಕೆ ಮುಖ ತಂದಳು.

"ಒಂದು ಮಾತು ಮಾತ್ರ ನಮಗ್ಯಾರಿಗೂ ನಂಬೋಕಾಗಿರ್ಲಿಲ್ಲ. ನಾನು ಇಳಿದು ಹೋಗಿ ಅವನ್ನ ಕೇಳ್ದೆ ಅಂತಿದ್ರು ಮಾವ. ಮಣ್ಣು ಮಾಡೋದು ಇಲ್ಲೇನಾ ಅಂತ ಕೇಳ್ದೆ, ಹೌದು ಅಂದ ಅಂತ. ಅದಕ್ಕೇ ನಾವು ಅಂದಿದ್ದು, ಸುಳ್ಳು ಬಿಡಿ, ಯಾವ ಮನುಷ್ಯ ಹಾಗೆ ಹೌದು ಅಂತಾನೆ? ಹೇಳೋಕೆ ಅವನಿಗೇನು ಬಂದಿತ್ತು?" ಕನ್ನಡಕ ಮತ್ತೆ ಹಾಕಿಕೊಂಡು ಕೇಳಿದಳು, "ಕೇಳಿದ್ರಾ ಅವರು?"

ತಮ್ಮಾ, ನಮ್ಮಣ್ಣನ್ನ ಮಣ್ಣು ಮಾಡೋದು ಇಲ್ಲೇನಾ? ಮಳೆ ಮುದುಕನ ಹುಬ್ಬಿನಿಂದ ಇಳಿಯುತ್ತಿತ್ತು. ಅಲ್ಲ ಅಂದಿದ್ದರೆ ಇನ್ನೂ ಸಮಯವಿತ್ತು, ಹೆದ್ದಾರಿಗೆ ಹೋಗಿ ಬಲಕ್ಕೆ ತಿರುಗಿದರೆ ಸ್ಮಶಾನ. ಆದರೆ ಅಲ್ಲ ಅಂದರೆ, ಮತ್ತೆ ಇದೇನು ಅಂತ ಕೇಳುತ್ತಾನೆ. ಇದೇನು ಅಂತ ಹೇಳಿದರೆ, ನೀನು ಇಲ್ಲೇನು ಮಾಡುತ್ತಿದ್ದೀ ಅಂತ ಕಣ್ಣಲ್ಲೇ ಕೇಳುತ್ತಾನೆ. ಮತ್ತೆಂದೂ ನೋಡದ, ಹೆಸರೂ ಗೊತ್ತಿಲ್ಲದ ಒಬ್ಬ ಮುದುಕನ ಎದುರು ಒಂದು ಗಳಿಗೆ ಬಡವನಾಗಿ ಕಾಣಬೇಕಾಗಿತ್ತು, ಅಷ್ಟೇ. ಅಷ್ಟು ಅವನಿಂದ ಆಗಿರಲಿಲ್ಲ. ಇಲ್ಲ ಅಂತ ಈಗಲೂ ಹೇಳಬಹುದಿತ್ತು. ಕೇಳಿಲ್ಲಮ್ಮಾ, ಮಳೆಯಲ್ಲಿ ನಾನು ಕಿಟಕಿಯನ್ನೇ ಇಳಿಸಲಿಲ್ಲ ಅನ್ನಬಹುದಿತ್ತು. ಕಾಗದದಲ್ಲಿ ಅದು ಎಲ್ಲೂ ಬರೆದಿರಲಿಲ್ಲ. ಕೇಳಿದವನು ಮಣ್ಣಾಗಿದ್ದ. ಇಲ್ಲ ಅನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂದೂ ಬಂತು, ಅದರ ರುಚಿಯೂ ಹತ್ತಿತು.

"ಕೇಳಿದ್ರು," ಅಂದ. "ನಾನು ಹೌದು ಅಂದೆ."

"ಯಾಕೆ?"

ಅವನು ಏನೋ ಗೊಣಗಿದ.

"ಕೇಳಿಸ್ತಿಲ್ಲ."

"ನಾಚಿಕೆ ಆಯ್ತಮ್ಮಾ," ಅಂದ ವೆಂಡೆಲ್. ದನಿ ಒಡೆದು ದೊಡ್ಡದಾಯಿತು. "ಅದು ಬಿಟ್ಟಿ ಆಹಾರದ ಸಾಲು. ಮನೇಲಿ ಏನೂ ಇರ್ಲಿಲ್ಲ, ನಾನು ಅದಕ್ಕೇ ಬಂದಿದ್ದು. ಹಾಗಂತ ಹೇಳೋಕೆ ನಾಚಿಕೆ ಆಯ್ತು. ಅದಕ್ಕೇ ಹೌದು ಅಂದ್ಬಿಟ್ಟೆ."

ಇಡೀ ನೆಲಮಾಳಿಗೆ ಕೇಳಿಸಿಕೊಂಡಿತು. ಎಲೆಬಣ್ಣದ ಅಂಗಿಯವನು ನೆಲ ನೋಡುತ್ತಿದ್ದ. ಆರು ವರ್ಷ ಬಚ್ಚಿಟ್ಟದ್ದು, ಹೆಂಡತಿಯಿಂದಲೂ ಬಚ್ಚಿಟ್ಟದ್ದು, ಇಷ್ಟು ಜನರ ನಡುವೆ ಬಿದ್ದಿತ್ತು. ಹೇಳಿದರೆ ಹಗುರವಾಗುತ್ತದೆ ಅನ್ನುತ್ತಾರೆ, ಅವನಿಗೆ ಹಾಗೇನೂ ಆಗಲಿಲ್ಲ, ಬಟ್ಟೆ ಕಳಚಿ ನಿಂತ ಹಾಗಾಯಿತು. ಟ್ರೂಡಿ ಅವನನ್ನು ನೋಡದೆ ಚೀಲದಿಂದ ತನ್ನ ಮೊಬೈಲು ತೆಗೆದಳು. ಯಾರಿಗೋ ಫೋನು ಹಚ್ಚಿ, "ಅಮ್ಮಾ, ನಾನು. ಕೂತಿದೀಯಾ? ಕೂತ್ಕೋ. ಬರ್ಲ್ ಮಾವನ ಮುಂದಿದ್ದ ಕಾರಿನೋರು ಇಲ್ಲಿದಾರೆ. ಹೂಂ. ಅವರು... ನೀನೇ ಕೇಳು," ಅಂದಳು. ಮೊಬೈಲನ್ನು ಗಾಜಿನ ಕೆಳಗಿನ ತಟ್ಟೆಯಲ್ಲಿಟ್ಟು ಈಚೆ ತಳ್ಳಿದಳು. "ನೆಟ್ಟಿ ಅಂತ, ನಮ್ಮಮ್ಮ. ಈಗ ಹೇಳಿದ್ರಲ್ಲ, ಹಾಗೇ ಹೇಳಿ. ಅವರಿಗೆ ಕಿವಿ ಮಂದ, ಗಟ್ಟಿಯಾಗಿ ಹೇಳಿ."

ವೆಂಡೆಲ್ ಹೇಳಿದ. ಸಿಗ್ನಲ್ಲಿನಿಂದ ಶುರುಮಾಡಿ ಹೇಳಿದ. ಪೊಲೀಸಿನವನು ಕೈಮಾಡಿ ಕರೆದದ್ದು, ತಾನು ನುಗ್ಗಿದ್ದು, ತಿರುಗಿದ್ದು, ಕೋಸು, ಮುದುಕ, ಹೌದು ಅಂದದ್ದು. ಬೈಯಲಿ ಅಂತ ಅವನು ಕಾದ, ಬೈದರೆ ಒಳ್ಳೆಯದಿತ್ತು. ಬಂದದ್ದು ಮುದುಕಿಯ ಪ್ರಶ್ನೆ.

"ಆಮೇಲೆ ಏನ್ ಮಾಡ್ದ ಅವನು?"

"ಯಾರಮ್ಮಾ?"

"ನಮ್ ಬರ್ಲಣ್ಣ. ನೀನು ಹೌದು ಅಂದ್ಯಲ್ಲ, ಆಮೇಲೆ. ಕಾರಿಗೆ ಹೋಗಿ ಕೂತ್ನಾ? ನಗಾಡ್ತಿದ್ನಂತಲ್ಲ, ಡಿಕ್ಕಿ ತೆಗ್ದು ಡಬ್ಬ ಇಸ್ಕೊಂಡ್ನಂತಲ್ಲ."

ವೆಂಡೆಲ್ ಕಣ್ಣು ಮುಚ್ಚಿದ. ಆವತ್ತು ಕಾರಿನ ಕನ್ನಡಿಯಲ್ಲಿ ನೋಡಿದ್ದನ್ನು ಅವನು ಮತ್ತೆಂದೂ ನೋಡದಿರಲು ಬಹಳ ಪ್ರಯತ್ನಪಟ್ಟಿದ್ದ.

"ಇಲ್ಲಮ್ಮಾ. ಕೂರ್ಲಿಲ್ಲ. ಕಾರಿನ ಪಕ್ಕ ಮಳೇಲೇ ನಿಂತ್ಕೊಂಡ್ರು. ಟೋಪಿ ತೆಗ್ದು ಎದೆಗೆ ಹಿಡ್ಕೊಂಡಿದ್ರು. ಆ ಗುಡಾರಾನೇ ನೋಡ್ತಾ ನಿಂತಿದ್ರು. ಅಲ್ಲಿದ್ದೋರು ಡಿಕ್ಕಿ ತೆಗೆದು ಡಬ್ಬ ಇಟ್ಟಿದ್ದೂ ಅವರಿಗೆ ಗೊತ್ತಾಗ್ಲಿಲ್ಲ. ಪೊಲೀಸಿನೋನು ಬಂದು ತೋಳು ಹಿಡಿಯೋ ತನಕ ಹಾಗೇ ನಿಂತಿದ್ರು. ಅಳ್ತಿದ್ರು ಅನ್ಸತ್ತೆ. ಮಳೆ ಇತ್ತು, ಸರಿಯಾಗಿ ಹೇಳೋಕೆ ಬರಲ್ಲ."

ಟ್ರೂಡಿ ಮೊಹರಿನ ಯಂತ್ರಕ್ಕೆ ಕಾಗದ ಸಿಕ್ಕಿಸಿ ಒತ್ತಿದಳು, ಎರಡೂ ಕೈಯ ಭಾರ ಹಾಕಿ ಒತ್ತಿದಳು. ಕಾಗದವನ್ನು ತಟ್ಟೆಗಿಟ್ಟಳು. ವೆಂಡೆಲ್ ಅದನ್ನು ತೆಗೆದುಕೊಳ್ಳಲಿಲ್ಲ. ಅವನು ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೊತ್ತಿಕೊಂಡಿದ್ದ, ಆ ಕಡೆಯ ದನಿ ಅಷ್ಟು ಸಣ್ಣದಾಗಿತ್ತು.

"ಹೋದ ಮಾರ್ಚಲ್ಲಿ," ಅನ್ನುತ್ತಿದ್ದಳು ನೆಟ್ಟಿ, "ಬರ್ಲಣ್ಣನ ಮಣ್ಣಿಗೆ ನಾವ್ಯಾರೂ ಹೋಗ್ಲಿಲ್ಲ ಕಣಪ್ಪಾ."